ಮುಳಶಿ ಪ್ಲಾಟಲ್ಲಿ ಮನೆ ಕಟ್ಟೋವಾಗ ಅಲ್ಲೇ ಇರಬೇಕು: ಕರೆಂಟು, ನೀರು, ಶೆಡ್ಡಿನ ಅನುಭವ ಹೇಳಿ

ಪೌಡ್ ರೋಡ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಪುಣೆ ಹತ್ರ ಮುಳಶಿ ತಾಲೂಕು, ಪೌಡ್‌ನಿಂದ ಸ್ವಲ್ಪ ಒಳಗೆ 5 ಗುಂಟೆ ಎನ್‌ಎ (ಕೃಷಿಯೇತರ) ಪ್ಲಾಟ್. ದೀಪಾವಳಿ ಆದ ಮೇಲೆ ಪಾಯ. ಬಾಡಿಗೆ ಮನೆ ಬಿಟ್ಟು ನಾವು ನಾಲ್ಕು ಜನ ಅಲ್ಲೇ ಇದ್ದು ಕಟ್ಟಿಸೋ ಯೋಚನೆ. ಕಂಬ ಪ್ಲಾಟಿನ ಮೂಲೆಯಲ್ಲೇ ಇದೆ, ಬೋರ್‌ಗೆ ಗುರುತು ಮಾಡಿದ ಜಾಗ ಅಲ್ಲಿಂದ 45 ಮೀಟರ್. ಮೊದಲು ಬೋರೋ ಟ್ಯಾಂಕರೋ? ತಗಡಿನ ಶೆಡ್ಡೋ ಕಂಟೇನರೋ? ಶೌಚಾಲಯಕ್ಕೆ ಏನು ಮಾಡಿದ್ರಿ?

ವಾಘೋಲಿ ಧಾರವಾಡದಾಂವ:
ಶೆಡ್ಡು, ಕಂಟೇನರ್ ಆಮ್ಯಾಲೆ ನೋಡ್ರಿ. ಮೊದಲ ಕೇಬಲ್ ಲೆಕ್ಕಾ ಮಾಡ್ರಿ. ನೀವು ಬರದಿದ್ದು 45 ಮೀಟರ್, ಅದು ನೆಲದ ಮ್ಯಾಲಿಂದು. ಪಂಪ್ 90 ಮೀಟರ್ ಕೆಳಗ ಇಳಿಸಿದ್ರ ಒಟ್ಟು 135 ಆತು. ಇದನ್ನ ಯಾರೂ ಲೆಕ್ಕಾ ಹಿಡಿಯಂಗಿಲ್ಲ. ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಹತ್ತು ಆಂಪಿಯರ್ ಎಳೀತದ. 2.5 ಚದರ ಎಂಎಂ ತಾಮ್ರದ ಕೇಬಲ್ ಹಾಕಿದ್ರ ಹೋಗಿ ಬರೋ ಹಾದ್ಯಾಗ 2 ಓಮ್, ಅಂದ್ರ 20 ವೋಲ್ಟ್ ಕೇಬಲ್‌ನ್ಯಾಗ ಕರಗಿ ಹೋಗತದ. ಸ್ಟಾರ್ಟ್ ಆಗೋ ಮುಂದ ಕರೆಂಟ್ ಮೂರು ಪಟ್ಟಿಗಿಂತ ಕಡಿಮಿ ಇರಂಗಿಲ್ಲ. ಸಂಜಿ ಮುಂದ ಹಳ್ಳಿ ಲೈನ್‌ನ್ಯಾಗ 195 ಇದ್ರ ಮೋಟಾರಿಗೆ ಮುಟ್ಟೋದು 130ರ ಆಜುಬಾಜು. ತಿರಗಂಗಿಲ್ಲ, ಗುಂಯ್ ಅಂತ ನಿಲ್ತದ, ಕೆಪ್ಯಾಸಿಟರ್ ಉಬ್ಬತದ, ಕಡೀಕ ವೈಂಡಿಂಗ್ ಸುಡತದ. ಅಂಗಡ್ಯಾಂವ ಕಂಪನಿ ಮೋಟಾರೇ ಸರಿ ಇಲ್ಲ ಅಂತಾನ, ಮೋಟಾರಿನ ತಪ್ಪು ಏನೂ ಇರಂಗಿಲ್ಲ.

ಮೀಟರಿಂದ ಬೋರಿನ ಬಾಯಿ ತನಕ 6 ಎಂಎಂ ಎಳೀರಿ. ಸ್ಟಾರ್ಟರ್ ಪೆಟಗಿ ಬೋರಿನ ಬಾಜೂಕ ಇರಲಿ. ಅಲ್ಲಿಂದ ಕೆಳಗ 4 ಎಂಎಂ ಮೂರು ಕೋರ್ ಫ್ಲ್ಯಾಟ್. 20 ವೋಲ್ಟ್ ಹೋಗೋದು 12ಕ್ಕ ಇಳೀತದ. ಜೋಡಿಗೆ ಡ್ರೈ ರನ್ ಕಟ್‌ಆಫ್ ಹಾಕಸ್ರಿ, ಮೇ ತಿಂಗಳದಾಗ ನೀರು ಕೆಳಗ ಹೋದ್ರ ಪಂಪ್ ಉಳೀತದ.

ಚಾಕಣ್ ಎಂಐಡಿಸಿ:
ಮೀಟರೇ ಬಂದಿಲ್ಲ, ಆಗ್ಲೇ ಕೇಬಲ್ ಲೆಕ್ಕ. ತಾತ್ಕಾಲಿಕ ಕನೆಕ್ಷನ್‌ಗೆ ಸಾತ್‌ಬಾರಾ (ಜಮೀನಿನ ಪಹಣಿ), ಗುರುತಿನ ಚೀಟಿ, ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್‌ನ ಟೆಸ್ಟ್ ರಿಪೋರ್ಟ್, ಆಮೇಲೆ ಕೊಟೇಶನ್, ಡೆಪಾಸಿಟ್. ಬರೋವರೆಗೆ ಪಕ್ಕದ ತೋಟದವರ ಮೀಟರಿಂದ ಒಂದು ವೈರ್ ಎಳ್ಕೊಳ್ಳಿ, ತಿಂಗಳಿಗೆ ಇಷ್ಟು ಅಂತ ಕೊಡಿ. ಎಲ್ಲರೂ ಮಾಡೋದು ಅದೇ.

ವಾಘೋಲಿ ಧಾರವಾಡದಾಂವ:
ಇಂಥಾ ಸಲಹಾ ಕೊಡಬ್ಯಾಡ್ರಿ. ಬಾಜೂದವರ ಮನಿ ಮೀಟರ್ ಇರಲಿ, ಹೊಲದ ಮೀಟರ್ ಇರಲಿ, ಅದರಿಂದ ನಿಮ್ಮ ಪ್ಲಾಟಿನ ಕಟ್ಟಡದ ಕೆಲಸಕ್ಕ ಕರೆಂಟ್ ತಗೊಂಡ್ರ 2003ರ ವಿದ್ಯುತ್ ಕಾಯ್ದೆ ಕಲಂ 126ರ ಕೆಳಗ ಬರತದ. ದರದ ಎರಡು ಪಟ್ಟು ಹಾಕ್ತಾರ. ಎಂದಿನಿಂದ ನಡದದ ಅಂತ ತಿಳೀಲಿಲ್ಲ ಅಂದ್ರ ಹಿಂದಿನ 12 ತಿಂಗಳಿಗೆ ಹಾಕ್ತಾರ. ಬಿಲ್ ಬರೋದು ಆ ತೋಟದಾಂವನ ಹೆಸರಿಗೆ. ಮನಿ ಕಟ್ಟೋ ಮೊದಲ ಆಜೂಬಾಜೂದವರ ಜೋಡಿ ಜಗಳಾ ಬೇಕೇನ್ರಿ?

ಚಾಕಣ್ ಎಂಐಡಿಸಿ:
ತಾತ್ಕಾಲಿಕ ದರ ಮನೆ ದರಕ್ಕಿಂತ ಎಷ್ಟು ಜಾಸ್ತಿ ಅಂತ ಗೊತ್ತಿದ್ದೂ ಹೀಗೆ ಹೇಳ್ತೀರಲ್ಲ ಸರ್. ಗ್ರೈಂಡರ್, ವೆಲ್ಡಿಂಗ್, ಪಂಪ್ ಎಲ್ಲ ಅದರಲ್ಲೇ ಓಡಿಸಿದ್ರೆ ಬಿಲ್ ನೋಡಿ ಮಾತಾಡಿ.

ವಾಘೋಲಿ ಧಾರವಾಡದಾಂವ:
ನೋಡಿನ ಮಾತಾಡ್ಲಿಕತ್ತೀನ್ರಿ. ಮಿಕ್ಸರ್ ಡೀಸೆಲ್‌ದು, ವೈಬ್ರೇಟರ್ ಪೆಟ್ರೋಲ್‌ದು ತರಸ್ರಿ, ವೆಲ್ಡಿಂಗ್ ಆದಷ್ಟು ಅಂಗಡ್ಯಾಗ ಮಾಡಿಸಿ ತರ್ರಿ. ಮೀಟರಿಗೆ ಪಂಪ್ ಮತ್ತ ಮನಿ ಬಳಕಿ ಅಷ್ಟ ಉಳೀತದ.

ತಳೇಗಾಂವ್ ಸಂಪ್:
ನಾನು ನೀರಿನ ಬಗ್ಗೆ ಮಾತ್ರ ಹೇಳ್ತೀನಿ. ಬೋರಿನ ಮೇಲೆ ನಂಬಿಕೆ ಇಟ್ಟು ಕೆಲಸದ ದಿನ ಗೊತ್ತು ಮಾಡ್ಬೇಡಿ. ಅದು ಬಸಾಲ್ಟ್ ಬಂಡೆ. ನೀರಿರೋದು ಮೇಲಿನ ಸವೆದ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಪಕ್ಕದ ಪ್ಲಾಟಲ್ಲಿ ಎರಡಿಂಚು ನೀರು ಬಂದಿದ್ರೂ ನಿಮ್ಮಲ್ಲಿ ಬರೀ ಧೂಳು ಬರಬಹುದು.

ಮೊದಲು ಮನೆಯ ಕಾಯಂ ಸಂಪೇ ಕಟ್ಟಿ. ಒಳಅಳತೆ 2.5 ಮೀಟರ್ ಉದ್ದ, 2 ಅಗಲ, 2 ಆಳ, ಅಂದ್ರೆ 10,000 ಲೀಟರ್, ಒಂದು ಟ್ಯಾಂಕರ್ ಪೂರ್ತಿ. ದುಡ್ಡು ಉಳಿಸೋಕೆ ಅಂತ ನೆಲದ ಮೇಲೆ 5,000 ಲೀಟರಿನ ಎರಡು ಪ್ಲಾಸ್ಟಿಕ್ ಟ್ಯಾಂಕ್ ಇಡೋರು ಒಂದು ವಿಷಯ ಮರೀತಾರೆ. ಟ್ಯಾಂಕರಿನ ಕೊಳವೆ ಇರೋದು ಸುಮಾರು ಸೊಂಟದ ಎತ್ತರದಲ್ಲಿ, ಟ್ಯಾಂಕಿನ ಬಾಯಿ ಆಳೆತ್ತರದಲ್ಲಿ. ತಾನಾಗಿ ಇಳಿಯೋ ನೀರು ಅರ್ಧಕ್ಕೆ ನಿಲ್ಲುತ್ತೆ. ಉಳಿದದ್ದಕ್ಕೆ ಪಂಪ್ ಬೇಕು, ಡ್ರೈವರ್ ಕಾಯಲ್ಲ, ಮಿಕ್ಕ ನೀರು ರಸ್ತೆಗೆ ಹೋಗುತ್ತೆ, ದುಡ್ಡು ಪೂರ್ತಿ ಟ್ಯಾಂಕರಿನದು.

ಎಷ್ಟು ನೀರು ಬೇಕು ಅನ್ನೋದನ್ನೂ ಬರೆದಿಟ್ಟುಕೊಳ್ಳಿ. 50 ಕೆಜಿ ಸಿಮೆಂಟಿಗೆ 25 ಲೀಟರ್. ಸಾವಿರ ಚದರಡಿ, ಐದಿಂಚಿನ ಸ್ಲ್ಯಾಬಿಗೆ ಹತ್ತಿರ ಹತ್ತಿರ 95 ಚೀಲ, ಕಲಸೋಕೆ 2,400 ಲೀಟರ್ ಸಾಕು. ಕ್ಯೂರಿಂಗಿಗೆ ಎರಡಿಂಚು ನೀರು ನಿಲ್ಲಿಸೋಕೆ 4,600 ಲೀಟರ್. ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ 8–10 ಮಿಲಿಮೀಟರ್ ಆವಿ ಆಗುತ್ತೆ, ಅಂದ್ರೆ 740–930 ಲೀಟರ್. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದ್ರೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕಡಿಮೆ ಅಂದ್ರೂ 10 ದಿನ. ಕಲಸೋ ನೀರೂ ಸೇರಿ ಒಟ್ಟು 14,000 ಲೀಟರ್ ದಾಟುತ್ತೆ. ಅದರ ಮೇಲೆ ನಾಲ್ಕು ಜನಕ್ಕೆ ತಲಾ 135 ಲೀಟರಿನಂತೆ ದಿನಕ್ಕೆ 540. ನಮ್ಮ ಕಡೆ ಮಾರ್ಚಲ್ಲಿ 1,200 ರೂಪಾಯಿ ಇದ್ದ ಟ್ಯಾಂಕರ್ ಮೇ ತಿಂಗಳಲ್ಲಿ 2,200 ಆಗಿತ್ತು. ಸ್ಲ್ಯಾಬ್ ಫೆಬ್ರವರಿಯೊಳಗೆ ಮುಗಿಸೋದು ಇದಕ್ಕೇ.

ಬೋರ್ ನೀರು ಬಂದ್ರೂ ಲ್ಯಾಬಿಗೆ ಕೊಡಿ. ಕಬ್ಬಿಣ ಇರೋ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು.

ಹಿಂಜವಡಿ ಅಕ್ಕ:
ಸಂಪ್ ಮೊದಲು ಕಟ್ಟಿ ಅಂತೀರಿ, ಮುಳಶಿಯ ಮಳೆ ಗೊತ್ತಿದೆಯಾ? ಬಂಡೆ ಒಡೆದು ತೋಡಿದ ಗುಂಡಿಯಲ್ಲಿ ಸುತ್ತ ಸಡಿಲ ಮಣ್ಣು ತುಂಬಿದ್ರೆ ಮಳೆ ನೀರು ಹೋಗೋಕೆ ದಾರಿಯೇ ಇಲ್ಲ. ಸಂಪ್ ಖಾಲಿ ಇದ್ರೆ ಅದನ್ನ ಎತ್ತೋ ಒತ್ತಡ ಹತ್ತು ಟನ್ ದಾಟಬಹುದು. ಇಟ್ಟಿಗೆ ಗೋಡೆ ಒಳಕ್ಕೆ ಬರುತ್ತೆ.

ತಳೇಗಾಂವ್ ಸಂಪ್:
ಖಾಲಿ ಬಿಡಿ ಅಂತ ಯಾರು ಹೇಳಿದ್ರು ಅಕ್ಕಾ? ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಮಾಡಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧಕ್ಕಿಂತ ಮೇಲೆ ನೀರು ಇರಲಿ.

ಹಿಂಜವಡಿ ಅಕ್ಕ:
ಈಗ ಆರ್‌ಸಿಸಿ ಅಂತೀರಿ, ಮೇಲೆ ಬರೆದಾಗ ಆ ಮಾತೇ ಇರಲಿಲ್ಲ. ಓದಿದವರು ಇಟ್ಟಿಗೆಯಲ್ಲೇ ಕಟ್ಟಿಬಿಡ್ತಾರೆ, ಆ ದುಡ್ಡು ಯಾರು ಕೊಡ್ತಾರೆ?

ತಮ್ಮಾ, ಇರೋದಕ್ಕೆ ತಗಡಿನ ಶೆಡ್ಡೇ ಮಾಡು. 12ಕ್ಕೆ 20 ಅಡಿ, 50 ಎಂಎಂ ಚೌಕ ಪೈಪು, 0.5 ಎಂಎಂ ಕಲರ್ ಕೋಟೆಡ್ ಶೀಟು. 0.35 ಬೇಡ, ನಡೆದ್ರೆ ತಗ್ಗುತ್ತೆ, ಸ್ಕ್ರೂ ಸುತ್ತ ಹರಿಯುತ್ತೆ. ಸ್ಕ್ರೂ ಹಾಕೋದು ಶೀಟಿನ ಏಣಿನ ಮೇಲೆ, ರಬ್ಬರ್ ವಾಷರ್ ಜೊತೆ. ತಗ್ಗಲ್ಲಿ ಹಾಕಿದ್ರೆ ಮೊದಲ ಮಳೆಗೇ ಹಾಸಿಗೆ ಒದ್ದೆ. ಕಂಬಗಳನ್ನ ಒಂದೂವರೆ ಅಡಿ ಕಾಂಕ್ರೀಟಲ್ಲಿ ಹೂತು ಹಾಕಿ. ಪುಣೆಗೆ ಡಿಸೈನಲ್ಲಿ ಹಿಡಿಯೋ ಗಾಳಿ ಸೆಕೆಂಡಿಗೆ 39 ಮೀಟರ್. ಆ ವೇಗಕ್ಕೆ ಒತ್ತಡ ಚದರ ಮೀಟರಿಗೆ 90 ಕೆಜಿ ದಾಟುತ್ತೆ, ತಗಡಿನ ತೂಕ 5 ಕೆಜಿ ಕೂಡ ಇಲ್ಲ. ಮೇಲೆ ಕಲ್ಲು, ಮರಳಿನ ಚೀಲ ಇಟ್ಟು ಮಲಗಿದವರ ಶೆಡ್ಡು ಮೇ ತಿಂಗಳ ಅಡ್ಡಮಳೆಗೆ ಹಾರುತ್ತೆ. ಚಾವಣಿಯ ಮೇಲೆ ಒಂದಡಿ ಅಂತರ ಬಿಟ್ಟು ಹಸಿರು ಶೇಡ್ ನೆಟ್ ಕಟ್ಟಿ, ಮಧ್ಯಾಹ್ನ ಒಳಗೆ ಕೂರಬಹುದು. ನೆಲ ಸುತ್ತಲಿನ ಮಣ್ಣಿಗಿಂತ ಒಂದಡಿ ಎತ್ತರ ಇರಲಿ. ಸಿಲಿಂಡರ್ ಹೊರಗೆ, ಪೈಪ್ ಒಳಗೆ. ಮನೆ ಮುಗಿದ ಮೇಲೆ ಅದೇ ಶೀಟು ಪಾರ್ಕಿಂಗಿಗೆ ಆಗುತ್ತೆ.

ವಾಘೋಲಿ ಧಾರವಾಡದಾಂವ:
ಅಕ್ಕಾರ, ಪೈಪಿನ ಚೌಕಟ್ಟು ಅರ್ಥಿಂಗಿಗೆ ಜೋಡಸೋದು ಬಿಟ್ರಿ. ತಗಡಿಗೆ ವೈರ್ ತಿಕ್ಕಿ ಸುಲದ್ರ ಇಡೀ ಶೆಡ್ಡಿಗೆ ಕರೆಂಟ್. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಮಾಡೋ ಸ್ವಿಚ್) ಇಲ್ಲದ ತಗಡಿನ ಶೆಡ್ಡಿನ್ಯಾಗ ಒಂದು ರಾತ್ರಿನೂ ಮಲಗಬಾರದು. ಅರ್ಥಿಂಗಿನ ಎರಡೂವರೆ ಮೀಟರ್ ಜಿಐ ಪೈಪ್ ಹುಗೀಲಿಕ್ಕೆ ಬಂಡಿಗಲ್ಲು ಬಿಡಂಗಿಲ್ಲ ಅಂದ್ರ ಪ್ಲಾಟಿನ್ಯಾಗ ಮಣ್ಣು ಆಳ ಇದ್ದ, ಯಾವಾಗಲೂ ಹಸಿ ಇರೋ ಮೂಲಿ ಹುಡುಕ್ರಿ.

ಬಾವಧನ್ ಕ್ಯಾಬಿನ್:
ಶೆಡ್ಡು ಶೆಡ್ಡು ಅಂತ ಎಲ್ಲರೂ ಹೇಳ್ತಿದ್ದೀರಿ. 20 ಅಡಿ ಪೋರ್ಟಾ ಕ್ಯಾಬಿನ್, 50 ಎಂಎಂ ಪಫ್ (ಒಳಗೆ ಫೋಮ್ ತುಂಬಿದ) ಪ್ಯಾನೆಲ್‌ದು, ಇಳಿಸಿದ ದಿನವೇ ವಾಸ. ಕೆಲಸ ಮುಗಿದ ಮೇಲೆ ಮಾರಾಟಕ್ಕೂ ಹೋಗುತ್ತೆ. ನೋಡಬೇಕಾದ್ದು ಹೈಡ್ರಾ ಕ್ರೇನ್ ಬರೋ ದಾರಿ ಮತ್ತೆ ಮೇಲಿನ ತಂತಿ. ನಿಮ್ಮ ಕಂಬ ಮೂಲೆಯಲ್ಲೇ ಇದೆ, ಬೂಮ್ ಎತ್ತೋ ಜಾಗದ ಮೇಲೆ ಲೈನ್ ಹೋಗಿದ್ರೆ ಆ ಕಡೆಯಿಂದ ಇಳಿಸೋ ಹಾಗಿಲ್ಲ. ಪಾಯ ತೋಡೋ ಮೊದಲೇ ತರಿಸಿ, ಆಮೇಲೆ ಒಳಗೆ ವಾಹನ ಹೋಗಲ್ಲ. ನಾಲ್ಕು ಮೂಲೆಗೆ, ನಡುವೆ ಎರಡು ಕಡೆ ಕಾಂಕ್ರೀಟ್ ದಿಮ್ಮಿ ಕೊಡಿ, ಮಟ್ಟ ತಪ್ಪಿದ್ರೆ ಬಾಗಿಲು ಕಚ್ಚುತ್ತೆ.

ಹಿಂಜವಡಿ ಅಕ್ಕ:
160 ಚದರಡಿಯಲ್ಲಿ ನಾಲ್ಕು ಜನ, ಅಡುಗೆಯೂ ಅಲ್ಲೇ. ಆ ದುಡ್ಡಿಗೆ ಎರಡು ಶೆಡ್ಡು ಏಳುತ್ತೆ.

ಬಾವಧನ್ ಕ್ಯಾಬಿನ್:
ಏಳುತ್ತೆ, ಆಮೇಲೆ ಗುಜರಿಗೆ ಹೋಗುತ್ತೆ. ಮಾರಿದ ದುಡ್ಡು ಕಳೆದು ಲೆಕ್ಕ ಹಾಕಿ ಅಕ್ಕಾ.

ಫೋಂಡಾ ಮಂಗಳೂರಿಗ:
ಶೌಚಾಲಯಕ್ಕೆ ಯಾರೂ ಉತ್ತರ ಕೊಡ್ಲಿಲ್ಲ ಮಾರಾಯ್ರೆ. ಗೋವಾದಲ್ಲಿ ನಾವು ಚಿರೆಕಲ್ಲಲ್ಲಿ ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಎರಡು ಗುಂಡಿ ಕಟ್ಟುವುದು, ನಡುವೆ ಜಂಕ್ಷನ್ ಛೇಂಬರ್. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸುವುದು. ಖರ್ಚು ಕಡಿಮೆ, ಮತ್ತೆ ಎಂತ ತಲೆಬಿಸಿ ಇಲ್ಲ.

ತಳೇಗಾಂವ್ ಸಂಪ್:
ಇದು ಗೋವಾದ ಚಿರೆಕಲ್ಲಲ್ಲ, ಕರಿ ಬಂಡೆ. ಗುಂಡಿಯ ನೀರನ್ನ ಬಂಡೆ ಕುಡಿಯಲ್ಲ. ಬಿರುಕು ಸಿಕ್ಕಿದ್ರೆ ಸೋಸದೆ ನೇರ ಬೋರಿಗೆ ಹೋಗುತ್ತೆ. ಒಂದು ಗುಂಡಿ ತೋಡಿ, ರಾತ್ರಿಯಿಡೀ ನೀರು ನಿಲ್ಲಿಸಿ, ಬೆಳಿಗ್ಗೆ 25 ಮಿಲಿಮೀಟರ್ ಇಳಿಯೋಕೆ ಎಷ್ಟು ಹೊತ್ತು ಅಂತ ನೋಡಿ. ಅರ್ಧ ಗಂಟೆ ದಾಟಿದ್ರೆ ಇಂಗುಗುಂಡಿ ಮರೆತುಬಿಡಿ. ಐದು ಜನಕ್ಕೆ ಸೆಪ್ಟಿಕ್ ಟ್ಯಾಂಕ್ 1.5 ಮೀಟರ್ ಉದ್ದ, 0.75 ಅಗಲ, ನೀರಿನ ಆಳ ಒಂದು ಮೀಟರ್. ಕೂಲಿಯವರೂ ಅದನ್ನೇ ಬಳಸ್ತಾರೆ, ಹಾಗಾಗಿ ಮನೆಯ ಕಾಯಂ ಟ್ಯಾಂಕನ್ನೇ ದೊಡ್ಡದಾಗಿ ಮೊದಲು ಕಟ್ಟಿ. ಬೋರಿಗೆ 15 ಮೀಟರ್ ದೂರ, ಬೋರ್ ಇಳಿಜಾರಿನ ಮೇಲ್ಗಡೆ.

ಫೋಂಡಾ ಮಂಗಳೂರಿಗ:
ಚಿರೆಕಲ್ಲು ಕುಡಿಯುತ್ತದೆ ಅಂತಲೇ ನಾವೂ ಬಾವಿಯಿಂದ ದೂರ ಇಡುವುದು. ಗೋವಾದವರಿಗೆ ಏನೂ ಗೊತ್ತಿಲ್ಲ ಅಂತ ಮಾತಾಡಬೇಡಿ. ನಿಮ್ಮ ದೊಡ್ಡ ಟ್ಯಾಂಕಿನಿಂದ ಹೊರಗೆ ಬರುವ ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ಹೇಳಿ ಮೊದಲು.

ತಳೇಗಾಂವ್ ಸಂಪ್:
ಜಲ್ಲಿ ತುಂಬಿದ ಉದ್ದ ಕಾಲುವೆ, ಮೇಲೆ ಮಣ್ಣು, ಅದರಲ್ಲಿ ಬಾಳೆ, ಕಾಬಾಳೆ. ಬಂಡೆ ಮೇಲೆ ಎರಡಡಿ ಮಣ್ಣಷ್ಟೇ ಇದ್ರೆ ಸಾಕಾಗದೆ ಹೋಗಬಹುದು.

ಫೋಂಡಾ ಮಂಗಳೂರಿಗ:
ಮಳೆಗಾಲದಲ್ಲಿ ಆ ಎರಡಡಿ ಮಣ್ಣೇ ನೀರು ತುಂಬಿ ನಿಂತಿರುತ್ತದಲ್ಲ?

ತಳೇಗಾಂವ್ ಸಂಪ್:
ಅದಕ್ಕೇ ಕಾಲುವೆಯ ಮೇಲ್ಭಾಗದಲ್ಲಿ ಮಳೆ ನೀರು ಅಡ್ಡ ಕಡಿಯೋ ಚರಂಡಿ ಬೇಕು. ಸಮ ಎತ್ತರದ ಗೆರೆಗೆ ತೋಡಿ, ಪ್ಲಾಟಿನ ಹೊರಗೆ ಬಿಡಿ.

ಪೌಡ್ ರೋಡ್ ಕನ್ನಡಿಗ:
ನಮ್ಮ ಪ್ಲಾಟಿನ ಇಳಿಜಾರು ಬೋರಿನ ಕಡೆಗೇ ಇದೆ. ಹಾಗಾದ್ರೆ ಬೋರಿನ ಗುರುತನ್ನೇ ಬದಲಿಸಬೇಕಾ?

ತಳೇಗಾಂವ್ ಸಂಪ್:
ಹೌದು, ಬದಲಿಸಿ. ರಿಗ್ ಬರೋ ಮೊದಲು.

ವಾಘೋಲಿ ಧಾರವಾಡದಾಂವ:
ಬದಲಿಸಿದ್ರ ಕೇಬಲ್ ಉದ್ದ ಮತ್ತ ಅಳೀರಿ. 135ರ ಮ್ಯಾಲೆ ಹೋದ್ರ ಮ್ಯಾಲಿನ ಭಾಗಕ್ಕ 10 ಎಂಎಂ.