ಕಲೆ ಮತ್ತೆ ಅದೇ ಜಾಗದಲ್ಲೇ ಯಾಕೆ? ಚರ್ಮದ ಸಂಶೋಧಕಿಯನ್ನು ಕೇಳಿ

ಅಡ್ಮಿನ್: ಈ ಭಾನುವಾರದ ಪ್ರಶ್ನೋತ್ತರಕ್ಕೆ ನಮ್ಮದೇ ಗುಂಪಿನ ಸದಸ್ಯೆಯೊಬ್ಬರು ಸಿಕ್ಕಿದ್ದಾರೆ. ಚರ್ಮದ ಜೀವಶಾಸ್ತ್ರ ಮತ್ತು ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ಅಧ್ಯಯನ) ಅವರ ಸಂಶೋಧನೆಯ ವಿಷಯ. ಕೇಳಿ.

ಸಂಶೋಧಕಿ: ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ. ನಾನು ಪಿಎಚ್‌ಡಿ ಡಾಕ್ಟರು, ಮದ್ದು ಬರೆಯುವ ಡಾಕ್ಟರಲ್ಲ. ಊರಿನ ಮದುವೆಗೆ ಹೋದರೂ ಯಾರಾದರೊಬ್ಬರು ತೋಳು ಮೇಲೇರಿಸಿ "ಇದೇನು ನೋಡಮ್ಮ" ಅನ್ನುತ್ತಾರೆ. ಚರ್ಮದೊಳಗಿನ ಜೀವಕೋಶಗಳ ಸುದ್ದಿ ಎಷ್ಟು ಬೇಕಾದರೂ ಹೇಳುತ್ತೇನೆ. ಫೋಟೊ ಮಾತ್ರ ಕಳಿಸಬೇಡಿ.

ಹಾವೇರಿಯ ಸದಸ್ಯರು: ಮೈಕೈ ನೋವಿಗೆ ಮಾತ್ರೆ ನುಂಗಿದಾಗಲೆಲ್ಲ ನನಗೆ ತುಟಿಯ ಪಕ್ಕ ದುಂಡಗೆ ಒಂದು ಕಪ್ಪು ಕಲೆ ಏಳುತ್ತದೆ. ಮೂರು ಸಲ ಆಯಿತು, ಮೂರೂ ಸಲ ಅದೇ ಜಾಗ. ಮಾತ್ರೆ ಇಡೀ ಮೈಗೆ ಹೋಗುತ್ತದೆ ಅಲ್ವಾ? ಹಾಗಾದರೆ ಅಲ್ಲೇ ಯಾಕೆ?

ಸಂಶೋಧಕಿ: ನನ್ನ ಕೆಲಸದ ತಿರುಳೇ ಈ ಪ್ರಶ್ನೆ. ನೀವು ಹೇಳುವುದು ಫಿಕ್ಸ್ಡ್ ಡ್ರಗ್ ಇರಪ್ಷನ್, ಅಂದರೆ ಒಂದು ಔಷಧಿ ತೆಗೆದುಕೊಂಡಾಗಲೆಲ್ಲ ಅದೇ ಜಾಗದಲ್ಲಿ ಏಳುವ ಕಲೆಯ ಥರ ಕೇಳಿಸುತ್ತದೆ. ಖಚಿತ ಮಾಡಬೇಕಾದವರು ಚರ್ಮದ ವೈದ್ಯರು. ಕೆಲವು ನೋವಿನ ಮಾತ್ರೆಗಳು, ಕೋಟ್ರೈಮಾಕ್ಸಜೋಲ್‌ನಂಥ ಆಂಟಿಬಯಾಟಿಕ್‌ಗಳು ಹೀಗೆ ಮಾಡುವುದುಂಟು.

ಮೊದಲ ಸಲ ಕಲೆ ಎದ್ದಾಗ ಅಲ್ಲಿಗೆ ಟಿ ಕೋಶಗಳು ಬಂದಿರುತ್ತವೆ. ಇವು ರೋಗನಿರೋಧಕ ಪಡೆಯ ಸಿಪಾಯಿಗಳು. ಜಗಳ ಮುಗಿದ ಮೇಲೆ ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ವಾಪಸು ಹೋಗುವುದೇ ಇಲ್ಲ. ಚರ್ಮದ ಮೇಲ್ಪದರದಲ್ಲೇ ಠಿಕಾಣಿ ಹೂಡುತ್ತವೆ. ಹೊರಗಿನಿಂದ ನೋಡಿದರೆ ಬರೀ ಹಳೇ ಕಲೆ, ಒಳಗೆ ಕಾವಲು ನಡೆದೇ ಇರುತ್ತದೆ. ಅದೇ ಔಷಧಿ ಮತ್ತೆ ಬಂದ ಕೂಡಲೇ ಎದ್ದು ಸುತ್ತಲಿನ ಚರ್ಮದ ಕೋಶಗಳನ್ನೇ ಕೊಲ್ಲುತ್ತವೆ. ಆಗ ಬಣ್ಣದ ಕಣಗಳು ಕೆಳಗಿನ ಪದರಕ್ಕೆ ಉದುರುತ್ತವೆ. ಕಲೆ ತಿಂಗಳುಗಟ್ಟಲೆ ಕಪ್ಪಗೇ ಉಳಿಯುವುದು ಅದಕ್ಕೇ.

ಆ ಮಾತ್ರೆ ಯಾವುದು ಎಂದು ಮೊದಲು ಹುಡುಕಿ. ಪರೀಕ್ಷೆ ಮಾಡಿ ನೋಡೋಣ ಎಂದು ಇನ್ನೊಂದು ನುಂಗಬೇಡಿ. ಯಾವತ್ತಾದರೂ ಔಷಧಿ ತೆಗೆದುಕೊಂಡ ಮೇಲೆ ಜ್ವರ, ಬಾಯಿಹುಣ್ಣು, ಮೈಮೇಲೆ ಗುಳ್ಳೆ ಒಟ್ಟಿಗೆ ಬಂದರೆ ಅದು ಬೇರೆಯೇ ಕಥೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮೈಸೂರಿನ ಸದಸ್ಯೆ: ನನಗೆ ವರ್ಷದಿಂದ ಇಸುಬು. ರಕ್ತ ಪರೀಕ್ಷೆ ಎಲ್ಲ ನಾರ್ಮಲ್. ಅತ್ತೆ ಮಾತ್ರ "ರಕ್ತ ಕೆಟ್ಟಿದೆ" ಎಂದು ರಕ್ತಶುದ್ಧಿ ಸಿರಪ್ ತಂದಿಟ್ಟಿದ್ದಾರೆ.

ಸಂಶೋಧಕಿ: ನಿಮ್ಮ ಅತ್ತೆಯನ್ನು ಸುಮ್ನೆ ಬೈಯಬೇಡಿ. ವಿಜ್ಞಾನಿಗಳೂ ಮೊದಲು ರಕ್ತದ ಕಡೆಗೇ ನೋಡುತ್ತಿದ್ದರು. 2006ರಲ್ಲಿ ಬಾಸ್ಟನ್ನಿನ ಸಂಶೋಧಕರು ಲೆಕ್ಕ ಹಾಕಿದಾಗ, ದೊಡ್ಡವರ ಚರ್ಮದಲ್ಲಿ ಸುಮಾರು 2,000 ಕೋಟಿ ಟಿ ಕೋಶಗಳಿವೆ ಎಂದು ಗೊತ್ತಾಯಿತು. ಇಡೀ ರಕ್ತದಲ್ಲಿ ಇರುವುದರ ಹೆಚ್ಚುಕಡಿಮೆ ಎರಡರಷ್ಟು! ಚರ್ಮದಲ್ಲಿ ಕೂತು ಜಗಳ ಆಡುವವರು ರಕ್ತದ ಟ್ಯೂಬಿನಲ್ಲಿ ಸಿಗಬೇಕೆಂದೇನೂ ಇಲ್ಲ. ರಿಪೋರ್ಟ್ ನಾರ್ಮಲ್ ಬಂತು ಎಂದರೆ ನಿಮ್ಮ ತುರಿಕೆ ಸುಳ್ಳು ಎಂದಲ್ಲ. ಸಿರಪ್ ಅಲ್ಲೇ ಇರಲಿ ಬಿಡಿ.

ಶಿವಮೊಗ್ಗದ ಸದಸ್ಯರು: ತಮ್ಮನಿಗೆ ತೊನ್ನು. ಲೈಟ್ ಟ್ರೀಟ್‌ಮೆಂಟ್‌ನಿಂದ ಬಣ್ಣ ಬಂದಿತ್ತು. ನಿಲ್ಲಿಸಿದ ಎಂಟು ತಿಂಗಳಿಗೆ ಮತ್ತೆ ಬಿಳಿ. ಅದೂ ಹಳೇ ಜಾಗದಲ್ಲೇ.

ಸಂಶೋಧಕಿ: ಅದೇ ಗುಟ್ಟು, ಬೇರೆ ಕಾಯಿಲೆ. ತೊನ್ನಿನಲ್ಲಿ ಟಿ ಕೋಶಗಳು ಬಣ್ಣ ತಯಾರಿಸುವ ಮೆಲನೋಸೈಟ್‌ಗಳ ಮೇಲೆ ಬೀಳುತ್ತವೆ. ಚಿಕಿತ್ಸೆಯಿಂದ ಬಣ್ಣ ಬಂದರೂ ಆ ಜಾಗದ ಹಳೇ ಕಾವಲುಗಾರರು ಖಾಲಿ ಆಗಿರುವುದಿಲ್ಲ. ಚಿಕಿತ್ಸೆ ನಿಲ್ಲಿಸಿದ ಮೊದಲ ವರ್ಷದಲ್ಲೇ ನೂರರಲ್ಲಿ ಸುಮಾರು 40 ಜನರಿಗೆ ಮರುಕಳಿಸುತ್ತದೆ. ನಿಮ್ಮ ತಮ್ಮ ಏನೂ ತಪ್ಪು ಮಾಡಿಲ್ಲ. ಮೀನು ತಿಂದು ಹಾಲು ಕುಡಿದದ್ದಕ್ಕೂ ಬಂದದ್ದಲ್ಲ. ಇದು ಮುಟ್ಟಿದರೆ ಹರಡುವುದಿಲ್ಲ, ಕುಷ್ಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಬಣ್ಣ ವಾಪಸು ಬರುವಾಗ ಗಮನಿಸಿದ್ದೀರಾ? ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಬರುತ್ತದೆ. ಕೂದಲಿನ ಬುಡದಲ್ಲಿ ಮೆಲನೋಸೈಟ್‌ಗಳ ಬೀಜ ಉಳಿದಿರುತ್ತದೆ. ಒಂದೊಂದು ಚುಕ್ಕಿ ಒಂದೊಂದು ಕೂದಲಿನ ಬುಡ. ಬೆರಳ ತುದಿ, ತುಟಿಯಲ್ಲಿ ಕೂದಲಿಲ್ಲ, ಅಲ್ಲಿ ಬಣ್ಣ ಬರುವುದು ಕಷ್ಟ.

ಈ ಟಿ ಕೋಶಗಳು ಸಂದೇಶ ಕಳಿಸುವ ದಾರಿಯಲ್ಲಿ ಜ್ಯಾಕ್ ಎಂಬ ಕಿಣ್ವ ಬರುತ್ತದೆ. ಅದನ್ನು ತಡೆಯುವ ರುಕ್ಸೊಲಿಟಿನಿಬ್ ಕ್ರೀಮಿಗೆ 2022ರ ಜುಲೈಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ತೊನ್ನಿನಲ್ಲಿ ಬಣ್ಣ ಮರಳಿಸುವುದಕ್ಕೆಂದೇ ಅಲ್ಲಿ ಒಪ್ಪಿಗೆ ಸಿಕ್ಕ ಮೊದಲ ಔಷಧಿ ಅದು. ಆದರೆ ಅದೂ ಕಾವಲುಗಾರರ ಬಾಯಿ ಮುಚ್ಚಿಸುತ್ತದೆ, ಮನೆ ಖಾಲಿ ಮಾಡಿಸುವುದಿಲ್ಲ. ಖಾಲಿ ಮಾಡಿಸುವುದು ಹೇಗೆ ಎಂಬುದೇ ಈಗಿನ ದೊಡ್ಡ ಹುಡುಕಾಟ.

ಧಾರವಾಡದ ಬಿಎಸ್ಸಿ ವಿದ್ಯಾರ್ಥಿನಿ: ಮೇಡಂ, ದಿನಾ ಲ್ಯಾಬಿನಲ್ಲಿ ಏನು ಮಾಡುತ್ತೀರಿ? ಚರ್ಮ ಎಲ್ಲಿಂದ ಸಿಗುತ್ತದೆ?

ಸಂಶೋಧಕಿ: ಆಪರೇಷನ್ನಿನಲ್ಲಿ ತೆಗೆದು ಎಸೆಯಬೇಕಾದ ಚರ್ಮ. ಹೊಟ್ಟೆಯ ಸಡಿಲ ಚರ್ಮ ತೆಗೆಸುತ್ತಾರಲ್ಲ, ಅಂಥದ್ದು. ರೋಗಿಯ ಒಪ್ಪಿಗೆ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಎರಡೂ ಬೇಕು. ಯಾವಾಗ ಬರುತ್ತದೋ ಆಗ ನಾವು ರೆಡಿ ಇರಬೇಕು. ಒಂದು ಸಲ ಹಬ್ಬದ ಒಬ್ಬಟ್ಟು ಅರ್ಧಕ್ಕೆ ಬಿಟ್ಟು ಓಡಿದ್ದೇನೆ.

ತುಂಡನ್ನು ಡಿಸ್ಪೇಸ್ ಎಂಬ ಕಿಣ್ವದಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸುತ್ತೇವೆ. ಬೆಳಿಗ್ಗೆ ಮೇಲ್ಪದರ ನೆನೆದ ಬಾದಾಮಿ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಕೆಳಪದರ ಹಾಗಲ್ಲ, ಅದು ಚಪ್ಪಲಿ ತೊಗಲು. ಕತ್ತರಿಸಿ ಕತ್ತರಿಸಿ ಕೈ ಬಿದ್ದುಹೋಗುತ್ತದೆ. ಬಿಡಿಯಾದ ಕೋಶಗಳಿಗೆ ಹೊಳೆಯುವ ಬಣ್ಣ ಅಂಟಿಸಿ, ಫ್ಲೋ ಸೈಟೊಮೀಟರ್‌ನಲ್ಲಿ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಎಣಿಸುತ್ತೇವೆ. ಎಷ್ಟೋ ದಿನ ಅರ್ಧ ಕೋಶಗಳು ಸತ್ತೇ ಬರುತ್ತವೆ.

ಇಲಿಯಲ್ಲೂ ಪ್ರಯೋಗ ನಡೆಯುತ್ತದೆ. ಅದರ ಚರ್ಮ ತೆಳು, ತುಂಬ ಕೂದಲು. ನಮ್ಮಲ್ಲಿಲ್ಲದ ಒಂದು ಬಗೆಯ ಟಿ ಕೋಶ ಅದರ ಮೇಲ್ಪದರದಲ್ಲಿದೆ. ಹಾಗಾಗಿ "ಇಲಿಯಲ್ಲಿ ವಾಸಿಯಾಯಿತು" ಎಂಬ ಸುದ್ದಿ ಓದಿದರೆ ಸ್ವಲ್ಪ ತಾಳ್ಮೆ ಇರಲಿ.

ನಿನ್ನ ವಯಸ್ಸಿನವರಿಗೆ ಒಂದು ಕಥೆ. 1868ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವೈದ್ಯ ವಿದ್ಯಾರ್ಥಿ ಚರ್ಮಕ್ಕೆ ಗೋಲ್ಡ್ ಕ್ಲೋರೈಡ್ ಹಚ್ಚಿ ನೋಡಿದ. ಕವಲು ಕವಲಾದ ಕೋಶಗಳು ಕಂಡವು. ನರದ ಕೋಶ ಇರಬೇಕು ಅಂದುಕೊಂಡ. ಅವು ರೋಗನಿರೋಧಕ ಕೋಶಗಳೆಂದು ಗೊತ್ತಾಗಲು ಸುಮಾರು ನೂರು ವರ್ಷ ಬೇಕಾಯಿತು. ತಪ್ಪು ತಿಳಿದರೂ ಆ ಕೋಶಗಳಿಗೆ ಅವನದೇ ಹೆಸರು ಉಳಿಯಿತು ನೋಡು.

ಚಿತ್ರದುರ್ಗದ ರೈತರು: ಕಾಂಗ್ರೆಸ್ ಗಿಡ ಹತ್ತು ವರ್ಷ ಬರಿಗೈಯಲ್ಲೇ ಕಿತ್ತೆ, ಏನೂ ಆಗಲಿಲ್ಲ. ಈಗ ಹೊಲಕ್ಕೆ ಹೋದ ಮಾರನೇ ದಿನ ರೆಪ್ಪೆ, ಕುತ್ತಿಗೆ ಎಲ್ಲ ಕೆಂಪಾಗಿ ತುರಿಕೆ.

ಸಂಶೋಧಕಿ: ಆ ಹತ್ತು ವರ್ಷದಲ್ಲೇ ಎಲ್ಲೋ ಒಂದು ಕಡೆ ನಿಮ್ಮ ಚರ್ಮ ಪಾಠ ಕಲಿತಿದೆ. ಗಿಡದಲ್ಲಿ ಪಾರ್ಥೆನಿನ್ ಎಂಬ ಚಿಕ್ಕ ರಾಸಾಯನಿಕವಿದೆ. ಅದು ಚರ್ಮದ ಪ್ರೋಟೀನಿಗೆ ಅಂಟುತ್ತದೆ. ಆಗಲೇ ಹೇಳಿದ ಕವಲಿನ ಕೋಶಗಳು, ಅವುಗಳ ನೆಂಟರು, ಅದನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಒಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ಒಮ್ಮೆ ಕಲಿತ ಮೇಲೆ ಪ್ರತಿ ಸಲವೂ ಜಗಳ. ಮಾರನೇ ದಿನ ಶುರುವಾಗುವುದು ಇದರ ಗುರುತು. ಟಿಬಿಗೆ ಕೈಗೆ ಚುಚ್ಚುವ ಮಾಂಟೂ ಟೆಸ್ಟನ್ನು 48ರಿಂದ 72 ಗಂಟೆ ಬಿಟ್ಟು ನೋಡುವುದೂ ಟಿ ಕೋಶಗಳು ಬಂದು ಸೇರಲು ಹೊತ್ತು ಹಿಡಿಯುವುದರಿಂದಲೇ.

ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಹಾರುತ್ತದೆ. ಮುಟ್ಟದಿದ್ದರೂ ರೆಪ್ಪೆ, ಕುತ್ತಿಗೆಯ ಮಡಿಕೆಗೆ ಕೂರುತ್ತದೆ. ತುಂಬು ತೋಳಿನ ಅಂಗಿ ಹಾಕಿ, ಮನೆಗೆ ಬಂದ ಕೂಡಲೇ ಸ್ನಾನ ಮಾಡಿ. ಗಿಡ ಕೀಳುವ ಕೆಲಸ ಬೇರೆಯವರಿಗೆ ವಹಿಸಿ. ಅವರೂ ಕೈಗವಸು ಹಾಕಲಿ. ಸೇವಂತಿಗೆಯೂ ಅದೇ ಕುಟುಂಬದ ಗಿಡ. ಹಾರ ಕಟ್ಟಿದ ದಿನವೂ ತುರಿಕೆ ಬಂದರೆ ಆಶ್ಚರ್ಯಪಡಬೇಡಿ.

ಮೈಸೂರಿನ ಸದಸ್ಯೆ: ಹಾಗಾದರೆ ಇಮ್ಯುನಿಟಿ ಬೂಸ್ಟರ್ ಕುಡಿದರೆ?

ಸಂಶೋಧಕಿ: ಇಸುಬಿನಲ್ಲಿ ಇಮ್ಯುನಿಟಿ ಕೆಲಸ ಮಾಡುತ್ತಿರುವುದೇ ಜಾಸ್ತಿ, ಇನ್ನೂ ಬೂಸ್ಟ್ ಯಾಕೆ? ಹಾಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟಿರಾಯ್ಡ್ ಟ್ಯೂಬ್ ತರಬೇಡಿ. ಅದು ಹುಳುಕಡ್ಡಿಯಾಗಿದ್ದರೆ ಸ್ಟಿರಾಯ್ಡ್ ಚರ್ಮದ ಕಾವಲನ್ನು ಮಲಗಿಸುತ್ತದೆ. ಕೆಂಪು ಇಳಿದು ವಾಸಿಯಾದ ಹಾಗೆ ಕಾಣುತ್ತದೆ, ಫಂಗಸ್ ಮಾತ್ರ ಆರಾಮಾಗಿ ಹರಡುತ್ತದೆ.

ಹಾವೇರಿಯ ಸದಸ್ಯರು: ಮಾತ್ರೆಯ ಹಾಳೆ ಸಿಕ್ಕಿತು. ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಇದೆ. ಯಾವುದರಿಂದ ಎಂದು ಹೇಗೆ ತಿಳಿಯುವುದು?

ಸಂಶೋಧಕಿ: ಸದ್ಯಕ್ಕೆ ಎರಡೂ ಹೆಸರು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಬ್ರ್ಯಾಂಡ್ ಹೆಸರಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರುವುದು. ಚರ್ಮದ ವೈದ್ಯರು ಬೇಕೆನಿಸಿದರೆ ಪ್ಯಾಚ್ ಟೆಸ್ಟ್, ಅಂದರೆ ಔಷಧಿ ಹಚ್ಚಿದ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ ಮಾಡುತ್ತಾರೆ. ಬೇರೆ ಅಲರ್ಜಿಗೆ ಬೆನ್ನಿಗೆ ಪಟ್ಟಿ ಅಂಟಿಸಿದರೆ ಸಾಕು. ನಿಮ್ಮ ಥರದ್ದಕ್ಕೆ ಬೆನ್ನಿನಲ್ಲಿ ಏನೂ ಕಾಣದೇ ಇರಬಹುದು. ಹಳೇ ಕಲೆಯ ಮೇಲೇ ಅಂಟಿಸಿ ನೋಡಬೇಕು, ನೆನಪಿರುವುದು ಅದಕ್ಕೆ.