ಬಯಲಿನ ಗುಡುಗುಮಳೆ: ಮಿಂಚು ಅರ್ಧ ಫ್ರೇಮ್‌ನಲ್ಲಿ ಮಾತ್ರ, ಸುಂಟರಗಾಳಿ ಮಸುಕು ಮಸುಕು. ತಪ್ಪು ಎಲ್ಲಿ?

ಪ್ರಶ್ನೆ

ಅಮೆರಿಕದ ಪಶ್ಚಿಮ ಒಕ್ಲಹೋಮಾದ ಬಯಲು, ಮೇ ತಿಂಗಳು, ಸಂಜೆ 6ರಿಂದ 7.30ರ ಬೆಳಕು. ಮಿರರ್‌ಲೆಸ್ ಕ್ಯಾಮೆರಾ, 16-35 (ಅಗಲ ನೋಟದ) ಮತ್ತು 70-200 (ದೂರದ್ದನ್ನು ಹತ್ತಿರ ತರುವ) ಲೆನ್ಸ್, ಕ್ಯಾಮೆರಾ ನೆತ್ತಿಯ ಹಾಟ್ ಶೂ ಮೇಲೆ ಲೈಟ್ನಿಂಗ್ ಟ್ರಿಗರ್ (ಮಿಂಚು ಕಂಡ ಕೂಡಲೇ ಶಟರ್ ಒತ್ತುವ ಸಾಧನ). ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 400, ಅಪರ್ಚರ್ (ಲೆನ್ಸಿನ ಕಂಡಿ) ಎಫ್/8, ಶಟರ್ 1/200 ಸೆಕೆಂಡ್, ಸೈಲೆಂಟ್ ಶಟರ್, ಆಟೋಫೋಕಸ್ ಆನ್.

ತೊಂದರೆ ಮೂರು. ಟ್ರಿಗರ್‌ನ ದೀಪ ಪ್ರತಿ ಮಿಂಚಿಗೂ ಮಿನುಗುತ್ತದೆ, ಕ್ಯಾಮೆರಾ ಫ್ರೇಮ್ ತೆಗೆಯುತ್ತದೆ, ಆದರೆ 140ರಲ್ಲಿ ಮಿಂಚು ಸಿಕ್ಕಿದ್ದು ಆರರಲ್ಲಿ. ಆ ಆರರಲ್ಲೂ ನಾಲ್ಕರಲ್ಲಿ ಒಂದು ಅಡ್ಡಪಟ್ಟಿ ಮಾತ್ರ ಬೆಳ್ಳಗಿದೆ, ಮಿಂಚನ್ನು ಕತ್ತರಿಯಿಂದ ಕತ್ತರಿಸಿದ ಹಾಗೆ. ಇನ್ನು ಕಾರಿನಿಂದ ಇಳಿದ ಮೊದಲ ಐದಾರು ನಿಮಿಷದ ಚಿತ್ರಗಳೆಲ್ಲ ಹಾಲಿನಲ್ಲಿ ಅದ್ದಿದಂತಿವೆ. ಸುಂಟರಗಾಳಿ ಇಳಿದದ್ದು ಅದೇ ಹೊತ್ತಿನಲ್ಲಿ. ಎಡಿಟಿಂಗ್‌ನಲ್ಲಿ ಮಸುಕು ತೆಗೆಯುವ ಡಿಹೇಜ್ ಎಷ್ಟು ಎಳೆದರೂ ಅಂಚು ಬರುತ್ತಿಲ್ಲ. ಲೆನ್ಸ್ ಕೆಟ್ಟಿದೆಯೇ?

ಉತ್ತರ 1

ಲೆನ್ಸ್ ಕೆಟ್ಟಿಲ್ಲ. ಅಡ್ಡಪಟ್ಟಿಯಿಂದ ಶುರು ಮಾಡೋಣ, ಅದು ಸುಲಭದ್ದು.

ಸೈಲೆಂಟ್ ಶಟರ್ ಎಂದರೆ ಎಲೆಕ್ಟ್ರಾನಿಕ್ ಶಟರ್. ಅದು ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಪ್ರತಿ ಸಾಲಿಗೂ 1/200 ಸೆಕೆಂಡ್ ಬೆಳಕು ಸಿಕ್ಕರೂ ಎಲ್ಲ ಸಾಲಿಗೂ ಒಂದೇ ಗಳಿಗೆಯಲ್ಲಿ ಸಿಗುವುದಿಲ್ಲ. ಮಿಂಚಿನ ಒಂದು ಹೊಡೆತ ಅದಕ್ಕಿಂತ ಎಷ್ಟೋ ಬೇಗ ಮುಗಿಯುವುದರಿಂದ ಆ ಕ್ಷಣಕ್ಕೆ ತೆರೆದಿದ್ದ ಸಾಲುಗಳಲ್ಲಿ ಮಾತ್ರ ಮೂಡುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ. ಫ್ಲ್ಯಾಶ್ ಸಿಂಕ್ ವೇಗಕ್ಕಿಂತ (ಫ್ಲ್ಯಾಶ್ ಬೆಳಕು ಪೂರ್ತಿ ಫ್ರೇಮ್‌ಗೆ ಬೀಳುವ ಗರಿಷ್ಠ ಶಟರ್ ವೇಗ) ನಿಧಾನ ಇರುವಷ್ಟು ಹೊತ್ತು ಪೂರ್ತಿ ಸೆನ್ಸರ್ ಒಟ್ಟಿಗೇ ತೆರೆದಿರುತ್ತದೆ, ಪಟ್ಟಿ ಬರುವ ಮಾತೇ ಇಲ್ಲ.

ಆರೇ ಸಿಕ್ಕಿದ್ದಕ್ಕೆ ಕಾರಣ 1/200. ನಾವು ಒಂದು ಮಿಂಚು ಅಂದುಕೊಳ್ಳುವುದರಲ್ಲಿ ಸಾಮಾನ್ಯವಾಗಿ ಮೂರು-ನಾಲ್ಕು ಹೊಡೆತಗಳಿರುತ್ತವೆ, ಒಂದಕ್ಕೊಂದು ಸುಮಾರು 40-50 ಮಿಲಿಸೆಕೆಂಡ್ ಅಂತರ. ಟ್ರಿಗರ್ ಮೊದಲನೆಯದನ್ನು ಕಂಡು ಕ್ಯಾಮೆರಾಗೆ ಹೇಳುವಷ್ಟರಲ್ಲಿ ಅದು ಹೋಗಿರುತ್ತದೆ. ನಾವು ಹಿಡಿಯುವುದು ಎರಡನೆಯದನ್ನೋ ಮೂರನೆಯದನ್ನೋ. 5 ಮಿಲಿಸೆಕೆಂಡ್ ತೆರೆದರೆ ಸಿಕ್ಕರೆ ಸಿಕ್ಕಿತು. 1/8ರಿಂದ 1/4 ಸೆಕೆಂಡ್ ಬೇಕು.

ನಿಮ್ಮದೇ ಬೆಳಕಿನ ಲೆಕ್ಕ: ಐಎಸ್ಒ 400ರಿಂದ 100ಕ್ಕೆ ಇಳಿಸಿದರೆ 1/50. ಎಫ್/8ರಿಂದ ಎಫ್/11ಕ್ಕೆ ಹೋದರೆ 1/25. ಪೋಲರೈಸರ್ ಫಿಲ್ಟರ್ ಹಾಕಿದರೆ ಬೆಳಕು ಇನ್ನೊಂದೂವರೆ-ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ) ಕಡಿಮೆಯಾಗಿ 1/8ರ ಹತ್ತಿರ ಬರುತ್ತೀರಿ. ಇಲ್ಲಿಗೆ ನಿಲ್ಲಿಸಿ. ಬೆಳಕು ತಗ್ಗಿಸುವ ಕಪ್ಪು ಗಾಜಿನ ಆರು ಸ್ಟಾಪ್ ಎನ್‌ಡಿ ಫಿಲ್ಟರ್ ಹಾಕಿ ಎರಡು ಸೆಕೆಂಡ್ ತೆರೆಯುವ ಆಸೆ ಬೇಡ. ಫಿಲ್ಟರ್ ಮಿಂಚನ್ನೂ ಅಷ್ಟೇ ಮಂಕು ಮಾಡುತ್ತದೆ, ಆಕಾಶ ಸರಿಯಾಗಿ ಬಂದು ಮಿಂಚು ನೂಲಿನೆಳೆಯಾಗುತ್ತದೆ. ಶಟರ್ ವೇಗ ಹಿಡಿಯುವುದು ಹಿನ್ನೆಲೆಯ ಬೆಳಕನ್ನು, ಅಪರ್ಚರ್ ಮತ್ತು ಐಎಸ್ಒ ಹಿಡಿಯುವುದು ಮಿಂಚನ್ನು. ಕತ್ತಲಾದ ಮೇಲೆ ಟ್ರಿಗರ್ ಬಿಚ್ಚಿಡಿ, ಎಫ್/5.6ರಿಂದ ಎಫ್/8, ಐಎಸ್ಒ 100-200, 15-20 ಸೆಕೆಂಡಿನ ಫ್ರೇಮ್‌ಗಳನ್ನು ಒಂದರ ಹಿಂದೊಂದು ತೆಗೆಯುತ್ತಿರಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಪ್ರತಿ ಫ್ರೇಮ್ ನಂತರ ಅಷ್ಟೇ ಹೊತ್ತು ಕ್ಯಾಮೆರಾ ಕುರುಡಾಗುತ್ತದೆ, ಮರೆಯದೆ ಆಫ್ ಮಾಡಿ.

ಉತ್ತರ 2

ಹಾಲಿನಂತೆ ಕಾಣುವುದು ಲೆನ್ಸ್ ಮೇಲೆ ಕೂತ ತೇವ. ಮೇ ತಿಂಗಳಲ್ಲಿ ಮೆಕ್ಸಿಕೋ ಕೊಲ್ಲಿ ಕಡೆಯಿಂದ ಬರುವ ಗಾಳಿಯ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) 20-21 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಕಾರಿನ ಏಸಿ 18ರಲ್ಲಿದ್ದರೆ ಗಾಜೂ 18ಕ್ಕೆ ಇಳಿದಿರುತ್ತದೆ. ಹೊರಗೆ ತೆಗೆದ ಕೂಡಲೇ ಗಾಳಿಯ ನೀರೆಲ್ಲ ಅದರ ಮೇಲೆ. ಒರೆಸಿದರೆ ಹತ್ತು ಸೆಕೆಂಡ್ ತಿಳಿಯಾಗಿ ಮತ್ತೆ ಮುಸುಕುತ್ತದೆ, ಗಾಜು ಬಿಸಿಯಾಗುವ ತನಕ ಇದೇ ಪಾಡು. 70-200ರಂಥ ಭಾರದ ಲೆನ್ಸ್ ಬಿಸಿಯಾಗುವುದು ಇನ್ನೂ ನಿಧಾನ.

ನಿಲ್ಲಿಸುವ ಅರ್ಧ ಗಂಟೆ ಮೊದಲೇ ಏಸಿ ಆಫ್ ಮಾಡಿ ಕಿಟಕಿ ಇಳಿಸಿ. ಸೆಖೆ ತಡೆಯಲಾಗದಿದ್ದರೆ ಕ್ಯಾಮೆರಾವನ್ನಾದರೂ ಏಸಿ ಗಾಳಿ ತಾಗದ ಕಡೆ, ಮುಚ್ಚಿದ ಚೀಲದಲ್ಲಿಡಿ. ಮುಂದಿನ ಗಾಜಿನ ಸುತ್ತ ಗಾಜನ್ನು ಬೆಚ್ಚಗಿಡುವ ಡ್ಯೂ ಹೀಟರ್ ಪಟ್ಟಿ ಸುತ್ತಿದರೆ ಇನ್ನೂ ಒಳ್ಳೆಯದು. ಒರೆಸಿಯೂ ಹೋಗದಿದ್ದರೆ ಫಿಲ್ಟರ್ ಬಿಚ್ಚಿ ನೋಡಿ: ಫಿಲ್ಟರ್ ಮತ್ತು ಲೆನ್ಸ್ ನಡುವೆ ತೇವ ಸಿಕ್ಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲೆನ್ಸ್ ಬದಲಿಸುವುದು ಮಾತ್ರ ಬೇಡ, ತಣ್ಣಗಿರುವ ಸೆನ್ಸರ್‌ನ ಗಾಜೂ ಮುಸುಕಿದರೆ ಒರೆಸಲೂ ಆಗದು.

ಪ್ರಶ್ನೆ ಕೇಳಿದವರು

ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿದೆ, ಪಟ್ಟಿ ಹೋಯಿತು. ಏಸಿ ಉಪಾಯವೂ ಫಲಿಸಿತು. 1/8ರಲ್ಲಿ ಈಗ 60ಕ್ಕೆ 14 ಸಿಗುತ್ತಿವೆ. ಇನ್ನೂ ತಡವಾಗುತ್ತಿದೆ ಅನಿಸುತ್ತದೆ.

ಉತ್ತರ 1

ಆಟೋಫೋಕಸ್ ಇನ್ನೂ ಆನ್ ಇದೆಯಾ? ಮೊದಲು ಅದನ್ನು ತೆಗೆಯಿರಿ. ದಿಗಂತದ ಕಂಬವನ್ನೋ ದೂರದ ಮನೆಯ ದೀಪವನ್ನೋ ಹತ್ತು ಪಟ್ಟು ಹಿಗ್ಗಿಸಿ ಫೋಕಸ್ ಮಾಡಿ, ಮ್ಯಾನುಯಲ್‌ಗೆ ತಳ್ಳಿ, ರಿಂಗಿಗೆ ಟೇಪ್ ಅಂಟಿಸಿ. ರಿಂಗನ್ನು ಕೊನೆಯವರೆಗೆ ತಿರುಗಿಸಿ ಬಿಟ್ಟರೆ ಸಾಲದು, ಬಹಳಷ್ಟು ಲೆನ್ಸ್‌ಗಳು ಅನಂತವನ್ನು ದಾಟಿ ತಿರುಗುತ್ತವೆ.

ಆಮೇಲೆ ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ನೋಡಿ. ದೀಪದ ಮಿಣುಕಿಗೆ ಹೊಂದಿಸಿಕೊಳ್ಳಲು ಶಟರನ್ನು ತಡೆದು ನಿಲ್ಲಿಸುವ ಸೌಲಭ್ಯ ಅದು, ಇಲ್ಲಿ ಶತ್ರು. ಚಿತ್ರ ತೆಗೆದ ಮೇಲಿನ ಪ್ರಿವ್ಯೂ, ಪವರ್ ಸೇವ್ ಎರಡೂ ಆಫ್. ಟ್ರಿಗರ್‌ನಲ್ಲಿ ಶಟರನ್ನು ಅರ್ಧ ಒತ್ತಿ ಹಿಡಿಯುವ ಆಯ್ಕೆ ಇದ್ದರೆ ಆನ್ ಮಾಡಿ, ಕ್ಯಾಮೆರಾ ಎಚ್ಚರವಾಗಿರುತ್ತದೆ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇನ್ನೊಂದು ಜೇಬಿನಲ್ಲಿರಲಿ.

ಉತ್ತರ 3

ಸುಂಟರಗಾಳಿಗೆ ಮಿಂಚಿನ ಸೆಟ್ಟಿಂಗ್ ಬೇಡ. ಟ್ರಿಗರ್ ಆಫ್, 70-200ರಲ್ಲಿ ಎಫ್/5.6, 1/500, ಐಎಸ್ಒ ಬೇಕಾದಷ್ಟು ಏರಲಿ. ಹಿಸ್ಟೋಗ್ರಾಮ್‌ನಲ್ಲಿ (ಕಪ್ಪು ಎಡಕ್ಕೆ, ಬಿಳಿ ಬಲಕ್ಕೆ ತೋರಿಸುವ ಬೆಳಕಿನ ನಕ್ಷೆ) ಮೋಡದ ಹಿಂದಿನ ಬಿಳಿ ಆಕಾಶ ಬಲಕ್ಕೆ ಹೊಡೆಯದಂತೆ ನೋಡಿಕೊಳ್ಳಿ. ಕಪ್ಪಾದ ನೆಲವನ್ನು ರಾ ಫೈಲ್‌ನಲ್ಲಿ ಎರಡು ಸ್ಟಾಪ್ ಎತ್ತಬಹುದು, ಸುಟ್ಟುಹೋದ ಬಿಳಿ ಬಾರದು. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) 5200 ಕೆಲ್ವಿನ್‌ನಲ್ಲಿ ಕಟ್ಟಿ, ಆಟೋದಲ್ಲಿ ಬಿಟ್ಟರೆ ಮೋಡದ ಹಸಿರನ್ನು ಕ್ಯಾಮೆರಾ ತಾನೇ ತಿದ್ದಿಬಿಡುತ್ತದೆ. ಒಂದೇ ಸುಂಟರಗಾಳಿ ಹಿಂದಿನಿಂದ ಬೆಳಕಿದ್ದರೆ ಕಪ್ಪಗೆ, ನಿಮ್ಮ ಬೆನ್ನ ಹಿಂದಿನಿಂದ ಬಿದ್ದರೆ ಬೆಳ್ಳಗೆ. ಬಿಳಿಯದನ್ನು ಹುಡುಕಿಕೊಂಡು ಬಿರುಗಾಳಿಯ ಪಶ್ಚಿಮಕ್ಕೆ ಸುತ್ತುವುದು ಬೇಡ, ದಾರಿಯಲ್ಲಿ ಆಲಿಕಲ್ಲು ಕಾದಿರುತ್ತದೆ.

ಅಲ್ಲಿ ಸೂಪರ್‌ಸೆಲ್‌ಗಳು (ಒಳಗೇ ತಿರುಗುವ ದೊಡ್ಡ ಗುಡುಗುಮೋಡಗಳು) ಹೆಚ್ಚಾಗಿ ಪೂರ್ವಕ್ಕೋ ಈಶಾನ್ಯಕ್ಕೋ ಸಾಗುತ್ತವೆ. ಆಗ್ನೇಯದಲ್ಲಿ ನಿಂತು ವಾಯವ್ಯಕ್ಕೆ ನೋಡಿದರೆ ಮಳೆಯಿಲ್ಲದ ತಳವೂ ಸುಂಟರಗಾಳಿ ಹುಟ್ಟಬಹುದಾದ, ತಳದಿಂದ ಕೆಳಗಿಳಿದ ವಾಲ್ ಕ್ಲೌಡೂ ಕಾಣುತ್ತವೆ, ದಕ್ಷಿಣಕ್ಕೆ ಓಡಲು ರಸ್ತೆಯೂ ಇರುತ್ತದೆ. ಆ ರಸ್ತೆ ಡಾಂಬರಿನದೇ ಆಗಿರಲಿ, ಮಣ್ಣಿನದು ಮಳೆ ಬಿದ್ದರೆ ಬೆಣ್ಣೆ. ಫೋನಿನ ರಾಡಾರ್ ಚಿತ್ರ ಐದು ನಿಮಿಷ ಹಳೆಯದಿರಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ಬಿರುಗಾಳಿ ಅಷ್ಟರಲ್ಲಿ 5 ಕಿಲೋಮೀಟರ್ ಸರಿದಿರುತ್ತದೆ. 2013ರ ಮೇ 31ರಂದು ಎಲ್ ರೀನೋ ಬಳಿ 4 ಕಿಲೋಮೀಟರಿಗೂ ಅಗಲವಾಗಿ ಬೆಳೆದು ದಿಕ್ಕು ಬದಲಿಸಿದ ಸುಂಟರಗಾಳಿಗೆ ಪಳಗಿದ ಸಂಶೋಧಕರೇ ಬಲಿಯಾದರು. ವ್ಯೂಫೈಂಡರ್‌ನಲ್ಲಿ ಅದು ಎಡಕ್ಕೂ ಸರಿಯದೆ ಬಲಕ್ಕೂ ಸರಿಯದೆ ದಪ್ಪ ಮಾತ್ರ ಆಗುತ್ತಿದ್ದರೆ ನಿಮ್ಮ ಕಡೆಗೇ ಬರುತ್ತಿದೆ. ಕ್ಯಾಮೆರಾ ಇಳಿಸಿ ಹೊರಡಿ.

ಪ್ರಶ್ನೆ ಕೇಳಿದವರು

ಆ್ಯಂಟಿ ಫ್ಲಿಕರ್ ಆನ್ ಇತ್ತು! ಕೊನೆಯದೊಂದು: ಗಾಳಿಗೆ ಟ್ರೈಪಾಡ್ ನಡುಗುತ್ತದೆ, ಚೀಲ ನೇತುಹಾಕಿದರೂ.

ಉತ್ತರ 2

ನೇತಾಡುವ ಚೀಲ ಲೋಲಕ, ನಡುಕ ಹೆಚ್ಚಿಸುತ್ತದೆ. ಚೀಲದ ತಳ ನೆಲಕ್ಕೆ ತಾಗುವಂತೆ ಕಟ್ಟಿ. ನಡುಕಂಬ ಏರಿಸಬೇಡಿ, ಕೆಳಗಿನ ಸಪೂರ ಕಾಲುಗಳನ್ನು ಎಳೆಯಬೇಡಿ, ಕ್ಯಾಮೆರಾ ಬೆಲ್ಟ್ ಬಿಚ್ಚಿಡಿ, ಅದು ಪಟಪಟ ಹೊಡೆಯುತ್ತದೆ. ಕಾರಿನ ಮರೆಯಲ್ಲಿ ಸೊಂಟದೆತ್ತರಕ್ಕಿಂತ ಕೆಳಗಿಟ್ಟು, ನೀವು ಕಿಟಕಿ ಏರಿಸಿಕೊಂಡು ಕಾರಿನೊಳಗೆ ಕೂತಿರಿ. ಗುಡುಗು ಕೇಳಿಸುತ್ತಿದ್ದರೆ ಸಿಡಿಲು ನಿಮ್ಮನ್ನೂ ಮುಟ್ಟಬಹುದು; ಹೊರಗಿನ ಕೆಲಸ ಟ್ರಿಗರ್ ಮಾಡಿಕೊಳ್ಳುತ್ತದೆ.