ತಾಪಮಾನದ ಪಟ್ಟಿಗಳನ್ನು 50 ಜನ ಸೇರಿ ಬಟ್ಟೆಯಲ್ಲಿ ಹೊಲಿಯುವುದು ಹೇಗೆ?

ಬಣ್ಣದಬುಟ್ಟಿ:
ನಮಸ್ಕಾರ. ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ರೂಪಿಸಿದ ನೀಲಿ–ಕೆಂಪು ತಾಪಮಾನ ಪಟ್ಟಿಗಳನ್ನು (ವರ್ಷಕ್ಕೊಂದು ಪಟ್ಟಿ, ಸರಾಸರಿಗಿಂತ ತಂಪಾದ ವರ್ಷಕ್ಕೆ ನೀಲಿ, ಬಿಸಿಯಾದದ್ದಕ್ಕೆ ಕೆಂಪು) ಬಟ್ಟೆಯಲ್ಲಿ ಮಾಡಬೇಕಿದೆ. 50 ಜನರಿದ್ದಾರೆ, ಹೊಲಿಗೆ ಬರುವುದು ಏಳೆಂಟು ಮಂದಿಗೆ. ಬಣ್ಣ ಹೇಗೆ ಹಂಚುವುದು, ಅಳತೆ ಎಷ್ಟಿರಲಿ? ಚಂದ ಇದೆ ಎಂದು ಹೊರಟುಬಿಡದೆ ಜನ ನಿಂತು ಮಾತಾಡಬೇಕು.

ಮಳೆಮಾಪಕ:
ಮೊದಲು ಲೆಕ್ಕ. ನಿಮ್ಮ ಪ್ರದೇಶದ 1971ರಿಂದ 2020ರವರೆಗಿನ ವಾರ್ಷಿಕ ಸರಾಸರಿ ತಾಪಮಾನ ಬರೆದುಕೊಳ್ಳಿ. 1971–2000ರ ಸರಾಸರಿಯನ್ನು ಪ್ರತಿ ವರ್ಷದ ಅಂಕಿಯಿಂದ ಕಳೆಯಿರಿ. ಬಣ್ಣ ಕೊಡಬೇಕಾದ್ದು ಆ ವ್ಯತ್ಯಾಸಕ್ಕೆ. 0.2 ಡಿಗ್ರಿಗೊಂದು ಛಾಯೆಯಂತೆ ಐದು ನೀಲಿ, ಐದು ಕೆಂಪು ಸಾಕು. ಏರಿಳಿತ ದೊಡ್ಡದಿದ್ದರೆ ಹಂತವನ್ನು 0.4 ಮಾಡಿ, ಇಲ್ಲವಾದರೆ ಅರ್ಧ ಬಟ್ಟೆ ಒಂದೇ ಕಡುಗೆಂಪಾಗುತ್ತದೆ. ತಾಪಮಾಪಕ ನಡುವೆ ಜಾಗ ಬದಲಿಸಿತ್ತೇ ನೋಡಿ. ಬಯಲಿನಿಂದ ಕಟ್ಟಡಗಳ ನಡುವೆ ಬಂದರೂ ಅಂಕಿ ಏರುತ್ತದೆ, ಅದನ್ನು ಸರಿಪಡಿಸಿದ ದತ್ತಾಂಶವೇ ಬೇಕು. ಅಂಕಿಯಿಲ್ಲದ ವರ್ಷಕ್ಕೆ ಬೂದು ಬಣ್ಣ ಹಾಕಿ, ದಯವಿಟ್ಟು ಊಹಿಸಿ ತುಂಬಬೇಡಿ.

ಸೂಜಿದಾರ:
ಎಲ್ಲ ಬಣ್ಣಕ್ಕೂ ಒಂದೇ ದಪ್ಪದ ಹತ್ತಿ ಬಟ್ಟೆ ಇರಲಿ. ಬಣ್ಣ ಬಿಡುವುದು ನಿಲ್ಲುವ ತನಕ ಒಗೆದು, ಇಸ್ತ್ರಿ ಹಾಕಿ, ಆಮೇಲೆ ಕತ್ತರಿಸಿ. ಪಟ್ಟಿ 1 ಮೀಟರ್ ಉದ್ದ, 6 ಸೆಂ.ಮೀ. ಅಗಲ. ಎರಡೂ ಬದಿ ಹೊಲಿಗೆಗೆ ತಲಾ 1 ಸೆಂ.ಮೀ. ಹೋಗಿ 4 ಉಳಿಯುತ್ತದೆ, 50 ಪಟ್ಟಿ ಸೇರಿ ಒಟ್ಟು 2 ಮೀಟರ್. ಉದ್ದವು ಹಾಸಿನ ಎಳೆಯ (ಥಾನಿನ ಉದ್ದಕ್ಕೆ ಸಾಗುವ ದಾರದ) ಗುಂಟ ಬರಲಿ. ಓರೆಯಾಗಿ ಕತ್ತರಿಸಿದರೆ ಎಳೆದುಕೊಂಡು ಬಿಲ್ಲಿನಂತೆ ಬಾಗುತ್ತದೆ.

ಕೆಡುವುದು ಹೆಚ್ಚಾಗಿ ಇಲ್ಲೇ: ಒಂದು ತುದಿಯಲ್ಲಿ ಹೊಲಿಗೆ 1 ಮಿ.ಮೀ. ಒಳಗೆ ಸರಿದರೆ ಎರಡು ಪಟ್ಟಿ ಸೇರಿ 2 ಮಿ.ಮೀ. ಹೋಯಿತು. 49 ಹೊಲಿಗೆ ಮುಗಿಯುವಾಗ ಆ ತುದಿ ಸುಮಾರು 10 ಸೆಂ.ಮೀ. ಕುಗ್ಗಿ ಬಟ್ಟೆ ಬೀಸಣಿಗೆಯಾಗಿರುತ್ತದೆ. ಹಿಂಬದಿಗೆ ಪೆನ್ಸಿಲ್ ಗೆರೆ ಎಳೆದೇ ಕೊಡಿ. ಒಂದನ್ನು ಮೇಲಿಂದ, ಮುಂದಿನದನ್ನು ಕೆಳಗಿಂದ ಹೊಲಿಯಿರಿ. ಹತ್ತತ್ತು ಪಟ್ಟಿಗಳ ಐದು ತುಂಡು ಮಾಡಿ, ಅಳೆದು, ಕೊನೆಗೆ ಜೋಡಿಸಿ. ಬಲ ಅಂಚಿಗೆ ಕಚ್ಚಾ ಹೊಲಿಗೆ ಹಾಕಿಟ್ಟರೆ 2021ರಿಂದ ಮುಂದಿನವನ್ನು ಸೇರಿಸಬಹುದು.

ಎಲೆಚಿಗುರು:
ಹೊಲಿಗೆ ಬಾರದವರಿಗೆ ಅಂಗೈಯಗಲದ ಬಿಳಿ ಬಟ್ಟೆಚೂರು, ಮಾಸದ ಶಾಯಿಯ ಪೆನ್ನು ಕೊಡಿ. ಒಬ್ಬೊಬ್ಬರು ಒಂದೊಂದು ವರ್ಷದ ನೆನಪು ಬರೆದು ಆ ಪಟ್ಟಿಯ ಬುಡಕ್ಕೆ ಪಿನ್ ಮಾಡಲಿ. "ಆಗ ಹೇಗಿತ್ತು?" ಎಂದರೆ "ಚೆನ್ನಾಗಿತ್ತು" ಎಂಬಷ್ಟೇ ಉತ್ತರ ಬರುತ್ತದೆ. "ಆ ಮರ ಹೂ ಬಿಟ್ಟಾಗ ಶಾಲೆ ಇತ್ತೋ, ರಜೆಯೋ?" ಎಂದು ಕೇಳಿ, ತಿಂಗಳೇ ಸಿಗುತ್ತದೆ. ನೆನಪು ಅಂಕಿಗೆ ಹೊಂದದಿದ್ದರೂ ಬಣ್ಣ ಬದಲಿಸಬೇಡಿ, ಚೂರನ್ನೂ ತೆಗೆಯಬೇಡಿ. "ಕೆಂಪಿನ ಪಕ್ಕದಲ್ಲೇ ನೀಲಿ ಇದೆಯಲ್ಲ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ವರ್ಷ ತಂಪಾಗುವುದು ಸಹಜ, ನೋಡಬೇಕಾದ್ದು ದಶಕಗಳ ಒಟ್ಟು ಬದಲಾವಣೆಯನ್ನು. ಜೋಡಿಸುವ ಮುಂಚೆ ಸೂಜಿದಾರರು ಹೇಳಿದ ಮೊದಲ ತುಂಡನ್ನೂ ಐದನೆಯದನ್ನೂ ಅಕ್ಕಪಕ್ಕ ಹಿಡಿದು ತೋರಿಸಿ.